ಶುಕ್ರವಾರ ಬರೆದ ಭಾನುವಾರದ ನಡಾವಳಿ

ಭಾನುವಾರದ ಸಭೆಯ ನಡಾವಳಿಯನ್ನು ಕಾರ್ಯದರ್ಶಿಯಾದ ನಾನು ಶುಕ್ರವಾರವೇ ಬರೆದು ಮುಗಿಸಿದ್ದೆ. ಯಾರೂ ಹುಬ್ಬೇರಿಸಬೇಕಿಲ್ಲ, ನಮ್ಮ ಸಂಘದಲ್ಲಿ ಅದೇ ಪದ್ಧತಿ. ಸಭೆ ಎಷ್ಟು ಗಂಟೆಗೆ ಶುರುವಾಯಿತು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಎಷ್ಟು ಗಂಟೆಗೆ ಮುಗಿಯಿತು ಎಂಬುದನ್ನೆಲ್ಲ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದು, ಜಯಲಕ್ಷ್ಮಿಪುರಂನಲ್ಲಿರುವ ಅಧ್ಯಕ್ಷರ ಮನೆಗೆ ಒಯ್ದು, ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಭಾನುವಾರ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಸದಸ್ಯರು ಅದರಂತೆ ನಡೆದುಕೊಳ್ಳುತ್ತಿದ್ದರು. ‘ಸದಸ್ಯರು ಕರತಾಡನದಿಂದ ಸ್ವಾಗತಿಸಿದರು’ ಎಂದು ಓದಿದರೆ ನಿಜಕ್ಕೂ ಚಪ್ಪಾಳೆ ಬೀಳುತ್ತಿತ್ತು. ‘ಅಧ್ಯಕ್ಷರ ವಿನೋದದ ಮಾತಿಗೆ ಎಲ್ಲರೂ ನಕ್ಕರು’ ಎಂದು ಓದಿದಾಗ ಅಧ್ಯಕ್ಷರು ಗಾಬರಿಯಾಗಿ ಒಂದು ಜೋಕು ಹುಡುಕಿ ಹೇಳುತ್ತಿದ್ದರು. ನಿವೃತ್ತ ಪ್ರೊಫೆಸರು, ಪಾಪ, ಜೋಕು ಅವರ ಸಬ್ಜೆಕ್ಟ್ ಅಲ್ಲ.

ಇಂಥ ಸಂಘಕ್ಕೆ ಒಂದು ತಂತ್ರಾಂಶವನ್ನು ಕಾಪಾಡುವ ಹೊಣೆ ಹೇಗೆ ಬಂತು ಎಂದು ಹೇಳಬೇಕು. ನಾವು ಮಾಡುತ್ತಿದ್ದುದು ಒಂದೇ ಕೆಲಸ. ಕಣ್ಣು ಕಾಣದವರಿಗಾಗಿ ಕಂಪ್ಯೂಟರಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅದು ಫ್ರೀ. ಪುಕ್ಕಟೆ ಎಂಬ ಅರ್ಥದಲ್ಲಿ ಮಾತ್ರವಲ್ಲ. ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಪಕ್ಕದ ಮನೆಯವರಿಗೂ ಕೊಡಬಹುದು, ಯಾರ ಅಪ್ಪಣೆಯೂ ಬೇಡ. ಕೊಡುವಾಗ ಬೀಗ ಹಾಕಿ ಮುಚ್ಚಿಡಬಾರದು ಎಂಬುದೊಂದೇ ಷರತ್ತು. ಸಿದ್ಧಾರ್ಥನಗರದ ಒಬ್ಬ ಪ್ರೋಗ್ರಾಮರ್ ಹೆಣ್ಣುಮಗಳು ತನ್ನ ಕೆಲಸದ ಜೊತೆಗೆ, ಶನಿವಾರ ಭಾನುವಾರಗಳಲ್ಲಿ, ಅದನ್ನು ಕಟ್ಟಿದ್ದಳು. ದನಿ ನನ್ನದು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸಿದ ಸಿಸ್ಟರ್‌ರ ದಯೆಯಿಂದ ನನ್ನ ಉಚ್ಚಾರಣೆ ಇಸ್ತ್ರಿ ಮಾಡಿದ ಹಾಗಿದೆ ಎಂದು, ಗೋಡೆಗೆಲ್ಲ ಹಾಸಿಗೆ ಒರಗಿಸಿದ ಒಂದು ಕೋಣೆಯಲ್ಲಿ ನನ್ನನ್ನು ಕೂರಿಸಿ ಹನ್ನೊಂದು ದಿನ ಓದಿಸಿದ್ದರು. ಆಮೇಲೆ ಒಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ‘ಪೆನ್ ಇದೆಯಾ’ ಎಂದು ಕೇಳಿದೆ. ಮುಂದೆ ನಿಂತಿದ್ದ ಬಿಳಿ ಕೋಲಿನ ಮಹನೀಯರೊಬ್ಬರು ನನ್ನ ದನಿ ಕೇಳಿದ್ದೇ, ಗಾಳಿಯಲ್ಲೇ ಯಾವುದೋ ಕೀ ಒತ್ತಿ ನನ್ನನ್ನು ನಿಲ್ಲಿಸಲು ನೋಡಿದರು.

ಕೆಲಸ ಮಾಡಿದವರೆಲ್ಲರ ಹಕ್ಕೂ ಒಂದೇ ಕಡೆ ಇದ್ದರೆ ನೀಟಾಗಿರುತ್ತದೆ ಎಂದು ಸಲಹೆ ಕೊಟ್ಟವಳು ನಾನೇ. ಪ್ರೋಗ್ರಾಮರ್, ದನಿ ಕೊಟ್ಟ ನಾನು, ಪದಗಳನ್ನು ತಿದ್ದಿದವರು, ಪ್ರತಿಯೊಬ್ಬರಿಂದಲೂ ‘ನನ್ನ ಹಕ್ಕುಸ್ವಾಮ್ಯವನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದೇನೆ’ ಎಂಬ ಪತ್ರ ಬರೆಸಿಕೊಂಡು, ಟ್ಯಾಗ್ ಹಾಕಿ ಒಂದೇ ಫೈಲಿನಲ್ಲಿಟ್ಟಿದ್ದೆ. ನೀಟಾಗಿಯೇ ಇತ್ತು. ಮನೆಯ ಅಷ್ಟೂ ಬೀಗದ ಕೈಗಳನ್ನು ಒಂದೇ ಗೊಂಚಲು ಮಾಡಿ ಬಾಗಿಲಿಗೆ ನೇತುಹಾಕಿದ ಹಾಗೆ.

ಬೆಂಗಳೂರಿನ ಕಂಪನಿಯೊಂದರ ಪ್ರತಿನಿಧಿ ಬಂದಾಗ ಇದೊಂದೂ ನನಗೆ ಹೊಳೆಯಲಿಲ್ಲ. ಒಳ್ಳೆಯ ಮನುಷ್ಯ, ಚಪ್ಪಲಿ ಬಿಟ್ಟು ಒಳಗೆ ಬಂದರು. ಸಂಘಕ್ಕೊಂದು ಆಫೀಸು ಕೊಡುತ್ತೇವೆ, ಇಬ್ಬರು ಪೂರ್ಣಾವಧಿ ಪ್ರೋಗ್ರಾಮರ್‌ಗಳನ್ನು ಇಡುತ್ತೇವೆ, ನಿಮ್ಮ ಪ್ರೋಗ್ರಾಮರ್ ಹುಡುಗಿಗೂ ಕೆಲಸ ಕೊಡುತ್ತೇವೆ, ಸಂಘದ ಬಳಿ ಇರುವ ಹಕ್ಕುಗಳನ್ನು ಕಂಪನಿಗೆ ವರ್ಗಾಯಿಸಿದರೆ ಸಾಕು ಎಂದರು. ಪ್ರೋಗ್ರಾಮರ್ ಅದೇ ತಿಂಗಳು ‘ಆಂಟಿ, ನನ್ನಿಂದ ಇನ್ನು ಆಗಲ್ಲ’ ಎಂದು ಮೆಸೇಜು ಹಾಕಿದ್ದಳು. ಬಳಕೆದಾರರ ದೂರುಗಳ ಪಟ್ಟಿ ಬಾಲದಂತೆ ಬೆಳೆದಿತ್ತು. ಅಧ್ಯಕ್ಷರಿಗೆ ದೇವರೇ ಕಳಿಸಿದ ಹಾಗಾಯಿತು. ನನಗೂ. ಹೊರಡುವಾಗ ಆತ ತಿರುಗಿ, “ಮ್ಯಾಮ್, ನೀವು ಕಾನ್ವೆಂಟಾ? ಈಗಿನ ಕಾಲದಲ್ಲಿ ಇಷ್ಟು ಚೆಂದದ ಇಂಗ್ಲಿಷ್ ಯಾರು ಮಾತಾಡ್ತಾರೆ?” ಎಂದರು. ಐ ವಾಸ್ ಫ್ಲ್ಯಾಟರ್ಡ್, ಸುಳ್ಳೇಕೆ ಹೇಳಲಿ. ಸಿಸ್ಟರ್ ಹೋದ ಮೇಲೆ ಆ ಮಾತನ್ನು ಯಾರೂ ಆಡಿರಲಿಲ್ಲ.

ಹಾಗಾಗಿ ಆ ಶುಕ್ರವಾರ ನನ್ನ ಅತ್ಯುತ್ತಮ ಕೈಬರಹದಲ್ಲಿ ಬರೆದೆ: ‘ತಂತ್ರಾಂಶದ ಮೇಲೆ ಸಂಘಕ್ಕಿರುವ ಸಮಸ್ತ ಹಕ್ಕುಗಳನ್ನು ಸದರಿ ಕಂಪನಿಗೆ ವರ್ಗಾಯಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸಭೆಯು 11.30ಕ್ಕೆ ಮುಕ್ತಾಯವಾಯಿತು.’ ಅಧ್ಯಕ್ಷರು ಸಹಿ ಹಾಕಿದರು. ಅಷ್ಟರಲ್ಲಿ ಕಂಪನಿಯವರು ಫೋನ್ ಮಾಡಿ, ನಮ್ಮ ವಕೀಲರಿಗೆ ತೋರಿಸಲು ಠರಾವಿನ ಡ್ರಾಫ್ಟ್ ಇದ್ದರೆ ಕೊಡಿ ಎಂದರು. ಡ್ರಾಫ್ಟ್ ಎಲ್ಲಿಂದ ತರಲಿ, ನಮ್ಮಲ್ಲಿ ಎಲ್ಲವೂ ಫೈನಲ್. ಆ ಪುಟವನ್ನೇ ಜೆರಾಕ್ಸ್ ಮಾಡಿಸಿದೆ. ನಾನು ಆಫೀಸಿನಲ್ಲಿ ಸ್ಟೆನೋ ಆಗಿದ್ದವಳು. ನನ್ನ ಕೈಯಿಂದ ಯಾವ ಜೆರಾಕ್ಸೂ ಬೆತ್ತಲೆಯಾಗಿ ಹೊರಗೆ ಹೋದದ್ದಿಲ್ಲ. ಬ್ಯಾಗಿನಿಂದ ಸೀಲು ತೆಗೆದು ಒತ್ತಿ, ‘ನೈಜ ಪ್ರತಿ’ ಎಂದು ಬರೆದು, ಸಹಿ ಮಾಡಿ ಕೊಟ್ಟುಬಿಟ್ಟೆ. ಇನ್ನೂ ನಡೆಯದ ಸಭೆಯ ನೈಜ ಪ್ರತಿ! ಆಗ ಅದು ತಮಾಷೆ ಎಂದೂ ಅನ್ನಿಸಲಿಲ್ಲ.

ಶನಿವಾರ ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ಕೆಸರೆಯ ಟೀಚರ್. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುತ್ತಾರೆ, ಹುಟ್ಟಿನಿಂದ ಕಣ್ಣು ಕಾಣದು, ನಮ್ಮ ಸಮಿತಿಯ ಸದಸ್ಯೆ. ಸಭೆಗೆ ಮುಂಚೆ ಎಲ್ಲರಿಗೂ ಕಳಿಸುವಂತೆ ಅವರಿಗೂ ಕಾರ್ಯಸೂಚಿಯನ್ನು ಇಮೇಲ್ ಮಾಡಿದ್ದೆ.

“ಏನ್ ಮೇಡಂ,” ಎಂದರು ಕೂರುವ ಮುಂಚೆಯೇ, “ನಿಮ್ ಬಾಯಲ್ಲೇ ಕೇಳ್ದೆ. ‘ಸಮಸ್ತ ಅಕ್ಕುಗಳನ್ನು ಕಂಪನಿಗೆ ವರ್ಗಾಯಿಸುವುದು.’ ಅದೂ ಎಷ್ಟ್ ಚೆನ್ನಾಗ್ ಓದುದ್ರಿ! ಮೂರ್ ಸಲ ಓದ್ಸುದೆ. ಮೂರ್ ಸಲಾನೂ ಒಂದ್ ಚೂರ್ ನಾಚ್ಕೆ ಇಲ್ದಂಗೆ ಓದುದ್ರಿ.”

“ಓದಿದ್ದು ಮಷೀನು, ಟೀಚರ್.”

“ಬರ್ದಿದ್ದು?”

ನಾನು ಕಾಫಿ ತರುವ ನೆಪದಲ್ಲಿ ಎದ್ದೆ. ಕಾಫಿ ತಂದ ಮೇಲೂ ಅವರು ಬಿಡಲಿಲ್ಲ. ಹಿಂದೆ ತಾವು ಬಳಸುತ್ತಿದ್ದ ಒಂದು ತಂತ್ರಾಂಶದ ಕಥೆ ಹೇಳಿದರು. ಯಾವುದೋ ದೊಡ್ಡ ಕಂಪನಿಯದು. ಕನ್ನಡದಿಂದ ಲಾಭವಿಲ್ಲ ಎಂದು ಒಂದು ದಿನ ಅವರು ಅದನ್ನು ನಿಲ್ಲಿಸಿದರು. ಕಂಪ್ಯೂಟರ್ ಮೂಕವಾಯಿತು. ಇಡೀ ಒಂದು ಟರ್ಮ್ ತಮ್ಮ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬ ಮೇಷ್ಟರು ಬರೆದರು, ತಮ್ಮ ಪಾಠದ ಟಿಪ್ಪಣಿಯನ್ನು ಇನ್ನೊಬ್ಬರು ಓದಿ ಹೇಳಿದರು. “ಸ್ಟಾಫ್ ರೂಮಲ್ಲಿ ಸುಮ್ನೆ ಕೂತಿದ್ದೆ ಮೇಡಂ. ಎಡ್‌ಮಿಸ್ ಬಂದು, ಪಾಪ ರೆಸ್ಟ್ ತಗೊಳಿ ಅಂದ್ರು. ಆ ‘ಪಾಪ’ ಕೇಳಿ ಮೈ ಉರ್ದೋಯ್ತು.”

ಆಮೇಲೆ ಲ್ಯಾಪ್‌ಟಾಪ್ ತೆರೆದರು. ನನ್ನ ದನಿ ಯಾವುದೋ ಹಳೆಯ ರಾಜಮನೆತನದ ಹೆಸರನ್ನು ಅಸಹ್ಯವಾಗಿ ಮುರಿದು ಓದಿತು. ಟೀಚರ್ ಉಚ್ಚಾರಣೆಯ ಪಟ್ಟಿ ಇರುವ ಫೈಲು ತೆಗೆದು, ಒಂದು ಸಾಲು ಸೇರಿಸಿ, ಉಳಿಸಿದರು. ನನ್ನ ದನಿ ಈಗ ಸರಿಯಾಗಿ ಓದಿತು. ನನ್ನ ಕಾಫಿ ಇನ್ನೂ ಕುಡಿಯುವಷ್ಟು ಬಿಸಿ ಇತ್ತು. “ಇದೇ ನಾಳೆಯಿಂದ ಕಂಪ್ನಿಯೋರ್‌ದಾದ್ರೆ, ಅಕ್ಕು ಇರೋರ್ಗೆ ಷರತ್ತು ತಗಲಲ್ಲ, ಮುಂದಿನ್ ವರ್ಷನ್‌ಗೆ ಬೀಗ ಆಕ್ತಾರೆ. ಅಳೇದು ನಮ್ ಅತ್ರನೇ ಇರುತ್ತೆ, ನಿಜ. ಆದ್ರೆ ನೋಡ್ಕೊಳೋರು ಯಾರು? ನಾನ್ ಅವರಿಗೆ ಒಂದು ಅರ್ಜಿ ಆಕ್ಬೇಕು, ಅವರು ಆರ್ ತಿಂಗ್ಳಿಗೆ ನೋಡ್ಬೇಕು. ಅಷ್ಟರಲ್ಲಿ ಪರೀಕ್ಷೆ ಮುಗ್ದೋಗಿರುತ್ತೆ ಕಣ್ರೀ.”

ಅವರು ಹೋದ ಮೇಲೆ ನಡಾವಳಿ ಪುಸ್ತಕ ತೆಗೆದು ನನ್ನ ಕೈಬರಹವನ್ನು ನೋಡುತ್ತ ಕೂತೆ. ಎಷ್ಟು ಸೊಗಸಾಗಿತ್ತೆಂದರೆ ಅಳಿಸಲು ಮನಸ್ಸು ಬರಲಿಲ್ಲ. ಕಂಪನಿಯವರಿಗೆ ಫೋನ್ ಮಾಡಿ ಆ ಪ್ರತಿ ವಾಪಸ್ಸು ಕೊಡಿ ಎಂದೆ. “ಓಹ್ ಮ್ಯಾಮ್, ಸ್ಕ್ಯಾನ್ ಮಾಡಿ ಒಂಬತ್ತು ಜನಕ್ಕೆ ಕಳಿಸಾಯ್ತು, ಎಲ್ಲರೂ ತುಂಬಾ ಹ್ಯಾಪಿ,” ಎಂದರು.

ಭಾನುವಾರ ಅಧ್ಯಕ್ಷರ ಮನೆಯ ಹಾಲಿನಲ್ಲಿ ಜನ ಸೇರಿದ್ದರು. ಒಳಗಿನಿಂದ ವಡೆಯ ವಾಸನೆ. ಕಂಪನಿಯವರು ಕೈಯಲ್ಲಿ ನನ್ನ ನೈಜ ಪ್ರತಿ ಹಿಡಿದು ಎದ್ದು ನಿಂತು, “ತಮ್ಮೆಲ್ಲರ ಒಮ್ಮತದ ತೀರ್ಮಾನಕ್ಕೆ ಧನ್ಯವಾದಗಳು,” ಎಂದರು.

“ಯಾವಾಗ ತೀರ್ಮಾನ ಆಯ್ತು ಸಾರ್?” ಎಂದರು ಟೀಚರ್.

ಅವರು ಕಾಗದ ನೋಡಿ, “ಇವತ್ತು, ಹನ್ನೊಂದೂವರೆಗೆ,” ಎಂದರು. ಎಲ್ಲರೂ ಗಡಿಯಾರ ನೋಡಿದರು. ಹತ್ತು ಐವತ್ತು.

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಮಾತ್ರ ಶಾಂತವಾಗಿ, “ಅದಕ್ಕೇನಂತೆ, ಇನ್ನು ನಲವತ್ತು ನಿಮಿಷಕ್ಕೆ ನಿಜ ಆಗುತ್ತೆ. ಓದಿ ಕಾರ್ಯದರ್ಶಿಗಳೇ,” ಎಂದರು.

ಓದಿದ್ದರೆ ನಿಜವಾಗಿಬಿಡುತ್ತಿತ್ತು. ನಮ್ಮ ಜನ ನನ್ನ ನಡಾವಳಿಗೆ ಎದುರಾಡಿದವರಲ್ಲ. ಚಪ್ಪಾಳೆ ತಟ್ಟಿ, ವಡೆ ತಿಂದು, ಮನೆಗೆ ಹೋಗುತ್ತಿದ್ದರು. ನಾನು ಪುಸ್ತಕ ಹಿಡಿದು ನಿಂತೆ. ಎಲೊಕ್ಯೂಷನ್ ಕ್ಲಾಸಿನಲ್ಲಿ ಪದ್ಯ ಮರೆತುಹೋದಾಗ ನಿಲ್ಲುತ್ತಿದ್ದ ಹಾಗೆ.

“ಸರ್, ಇದನ್ನು ಓದುವುದಿಲ್ಲ. ಆ ಕಾಗದದ ಮೇಲಿನ ಸೀಲು ನನ್ನದು, ಸಹಿ ನನ್ನದು, ಸುಳ್ಳೂ ನನ್ನದೇ,” ಎಂದೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ‘ಇಂಥ ಸಭೆ ನಡೆದಿಲ್ಲ’ ಎಂದು ಬರೆದು ಸಹಿ ಹಾಕಿದೆ. ನಲವತ್ತು ವರ್ಷ ಯಾವ ಕಾಗದವನ್ನೂ ಹೊಡೆದುಹಾಕದವಳು ನಾನು. ಗೆರೆ ಸೊಟ್ಟಗೆ ಹೋಯಿತು.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. “ಹಾಗಾದ್ರೆ ಈಗಲೇ ಕೈ ಎತ್ತಿಸಿ ಪಾಸ್ ಮಾಡೋಣ.”

“ಆಗುವುದಿಲ್ಲ ಸರ್, ಬೈಲಾ ಇದೆ.” ರಾತ್ರಿ ಊಟ ಬಿಟ್ಟು ಹುಡುಕಿಟ್ಟುಕೊಂಡಿದ್ದೆ. ಸಂಘ ನೋಂದಾಯಿಸುವಾಗ ಬೈಲಾ ಬರೆಯಲು ಯಾರಿಗೂ ಬಿಡುವಿರಲಿಲ್ಲವೆಂದು, ಪರಿಚಯದ ಭಜನಾ ಮಂಡಳಿಯೊಂದರ ಬೈಲಾ ತಂದು ಹೆಸರು ಬದಲಿಸಿ ಟೈಪು ಮಾಡಿದ್ದೆ. ಅದರಲ್ಲಿ ಹೀಗಿತ್ತು: ‘ಹಾರ್ಮೋನಿಯಂ, ತಬಲ, ಜಮಖಾನ ಹಾಗೂ ಇತರ ಯಾವುದೇ ಸ್ವತ್ತನ್ನು ಪರಭಾರೆ ಮಾಡಬೇಕಾದಲ್ಲಿ ಇಪ್ಪತ್ತೊಂದು ದಿನಗಳ ನೋಟಿಸು ನೀಡಿ ವಿಶೇಷ ಸಭೆ ಕರೆದು, ಹಾಜರಿದ್ದವರಲ್ಲಿ ಐದನೇ ಮೂರು ಭಾಗದ ಒಪ್ಪಿಗೆ ಪಡೆಯತಕ್ಕದ್ದು.’

“ಮ್ಯಾಮ್, ಇದು ಹಾರ್ಮೋನಿಯಂ ಬಗ್ಗೆ ಅಲ್ವಾ?” ಎಂದರು ಕಂಪನಿಯವರು.

“ನಾವ್ ಮಾಡಿರೋದೂ ದನಿ ಬರೋ ಪೆಟ್ಟಿಗೆನೇ ಬುಡಿ ಸಾರ್,” ಎಂದರು ಟೀಚರ್.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಆ ಕಲಮನ್ನು ಎರಡು ಸಲ ಓದಿದರು. ಅವರಲ್ಲಿ ಒಂದು ದೊಡ್ಡ ಗುಣವೆಂದರೆ, ನಿಯಮ ಕಣ್ಣಿಗೆ ಬಿದ್ದ ಮೇಲೆ ಅದನ್ನು ಕಾಣದಂತೆ ನಟಿಸಲು ಅವರಿಗೆ ಬಾರದು. “ರೂಲ್ ಈಸ್ ರೂಲ್,” ಎಂದು ಎದ್ದು ಒಳಗೆ ಹೋದರು. ಅಂದಿನ ವಡೆಯನ್ನು ಎಲ್ಲರೂ ಚಪ್ಪಾಳೆಯಿಲ್ಲದೆ ತಿಂದರು.

ಮಾರನೆಯ ದಿನ ಆ ಒಂಬತ್ತು ಜನರಿಗೂ ಪತ್ರ ಟೈಪು ಮಾಡಿದೆ: ‘ಭಾನುವಾರ ನಡೆಯಿತೆಂದು ಶುಕ್ರವಾರ ದೃಢೀಕರಿಸಲಾದ ಸಭೆಯು ಭಾನುವಾರವೂ ನಡೆದಿರುವುದಿಲ್ಲ.’ ಅದಕ್ಕೂ ಸೀಲು ಒತ್ತಿದೆ. ಚಟ ಅಷ್ಟು ಬೇಗ ಬಿಡುತ್ತದೆಯೇ?

ಇನ್ನು ಇಪ್ಪತ್ತೊಂದು ದಿನಗಳು. ಈ ಸಲ ತಪ್ಪಿಸಿಕೊಂಡರೂ ಇನ್ನೊಂದು ಭಾನುವಾರ ಇನ್ನೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಹಾರ್ಮೋನಿಯಂ ಎಷ್ಟು ದಿನ ಕಾಯುತ್ತದೆ? ಬೈಲಾವನ್ನೇ ತಿದ್ದಬೇಕೆಂದು ಟೀಚರ್, ಪ್ರೋಗ್ರಾಮರ್, ನಾನು ಮೂವರೂ ನಮ್ಮ ಮನೆಯಲ್ಲಿ ಸಂಜೆ ಸಂಜೆ ಕೂತೆವು. ನಾನು ಒಂದು ಕಲಮು ಬರೆದು ಓದುವುದು. ಟೀಚರ್ ಕಂಪನಿಯವರಾಗಿ ಅದನ್ನು ಮುರಿಯುವುದು. ಆ ಪಾತ್ರ ಅವರಿಗೆ ಎಷ್ಟು ಒಗ್ಗಿತೆಂದರೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಲು ಶುರುಮಾಡಿದರು.

“ತಂತ್ರಾಂಶವನ್ನು ಮುಕ್ತ ಪರವಾನಗಿಯಲ್ಲಿ ಮಾತ್ರ ಕೊಡತಕ್ಕದ್ದು, ಹಕ್ಕನ್ನು ಯಾರಿಗೂ ವರ್ಗಾಯಿಸತಕ್ಕದ್ದಲ್ಲ,” ಎಂದು ಓದಿದೆ.

“ಸರಿ. ನಮ್ ಆಫೀಸಿನ ನಲ್ವತ್ ಜನನ ಮೆಂಬರ್ ಮಾಡ್ಬುಟ್ಟು, ಓಟಾಕ್ಸಿ, ಈ ಕಲಮೇ ತೆಗಿಸ್ಬುಡ್ತೀನಿ.”

ಹೊಸ ಸದಸ್ಯರಿಗೆ ಒಂದು ವರ್ಷ ಮತವಿಲ್ಲ ಎಂದು ಬರೆದೆ. ಒಂದೇ ಕಡೆ ನೌಕರಿ ಮಾಡುವವರಲ್ಲಿ ಸಮಿತಿಗೆ ಒಬ್ಬರು ಮಾತ್ರ ಎಂದೂ ಸೇರಿಸಿದೆ.

“ಒಂದ್ ವರ್ಷ ಕಾಯ್ತೀನಿ. ಕಂಪ್ನಿಯೋರಿಗೆ ಟೈಮಿಲ್ವಾ? ಆಮೇಲ್ ತೆಗಿಸ್ತೀನಿ.”

ಈ ಕಲಮನ್ನು ತಿದ್ದಲು ಸಂಘದಲ್ಲಿರುವ ದೃಷ್ಟಿಹೀನ ಸದಸ್ಯರ ಬಹುಮತ ಪ್ರತ್ಯೇಕವಾಗಿ ಬೇಕು ಎಂದು ಬರೆದೆ. ಟೀಚರ್ ಸ್ವಲ್ಪ ಯೋಚಿಸಿದರು. “ಅಂಗಾದ್ರೆ ಸಂಘನೇ ಮುಚ್ಚಿಸ್ತೀನಿ. ಆಸ್ತಿ ಅರಾಜಿಗೆ ಬರುತ್ತಲ್ಲ, ತಗೋತೀನಿ.”

ನಾನು ಪೆನ್ನು ಕೆಳಗಿಟ್ಟೆ. “ಟೀಚರ್, ನಿಮ್ಮನ್ನು ನೋಡಿದರೆ ಭಯವಾಗುತ್ತೆ.”

“ಇಸ್ಟ್ರಿ ಮೇಡಂ, ಇಸ್ಟ್ರಿ. ಎಲ್ಲಾ ರಾಜ್ರೂ ಇಂಗೇ ಮಾಡಿರೋದು.”

ಸಂಘ ಮುಚ್ಚಿದರೆ ಹಕ್ಕುಗಳು ಇದೇ ಉದ್ದೇಶದ, ಇದೇ ನಿರ್ಬಂಧವಿರುವ ಇನ್ನೊಂದು ಸಂಘಕ್ಕೇ ಹೋಗತಕ್ಕದ್ದು ಎಂದಾಯಿತು. ಟೀಚರ್ ಪ್ರೋಗ್ರಾಮರ್ ಕಡೆ ತಿರುಗಿ, “ಇವಳ್ನ ಕೆಲ್ಸಕ್ ಇಟ್ಕೊಂಬುಡ್ತೀನಿ. ಆಗೇನ್ ಮಾಡ್ತೀರಿ?” ಎಂದರು.

ಅದಕ್ಕೆ ಯಾವ ಕಲಮೂ ಇರಲಿಲ್ಲ. ಅವಳು ಬೆರಳ ಉಗುರು ನೋಡುತ್ತ, “ನಂಗೆ ಸಾಕಾಗಿದೆ ಆಂಟಿ, ನಿಜ. ಆ ಕೆಲಸ ಬೇಕು ಅಂತಾನೇ ಇತ್ತು,” ಎಂದಳು. ಆಮೇಲೆ ಅವಳೇ ಮುಂದುವರಿಸಿದಳು. “ಯಾರಿಂದ ಸಂಬಳ ತಗೋತಾರೋ ಅವರ ವಿಷಯ ಬಂದಾಗ ಎದ್ದು ಆಚೆ ಹೋಗಬೇಕು ಅಂತ ಬರೀರಿ. ನಾನು ಎಲ್ಲಾದ್ರೂ ಸೇರಿಕೊಂಡ್ರೆ ನಂಗೂ ಅನ್ವಯಿಸಲಿ.” ಬರೆದೆ. ನನ್ನ ಕೈಬರಹ ಆ ಸಾಲಿನಲ್ಲಿ ಅಷ್ಟು ಚೆನ್ನಾಗಿಲ್ಲ.

ಕಾರ್ಯಸೂಚಿಯಲ್ಲಿ ಯಾವುದು ಮೊದಲು ಎಂಬುದು ಕಾರ್ಯದರ್ಶಿಯ ಕೈಯಲ್ಲಿರುತ್ತದೆ. ಬೈಲಾ ತಿದ್ದುಪಡಿಯನ್ನು ಮೊದಲು ಹಾಕಿ, ಕಂಪನಿಯ ಪ್ರಸ್ತಾಪವನ್ನು ಎರಡನೆಯದಾಗಿ ಹಾಕಿದೆ. ಕದ್ದು ಮಾಡಬಾರದೆಂದು ಅಧ್ಯಕ್ಷರ ಮನೆಗೆ ಹೋಗಿ ತೋರಿಸಿದೆ. “ಮೊದಲನೆಯದು ಪಾಸಾದರೆ ಎರಡನೆಯದು ಬರೋದೇ ಇಲ್ಲವಲ್ರೀ,” ಎಂದರು. “ಹೌದು ಸರ್,” ಎಂದೆ. ಕಾರ್ಯಸೂಚಿಯನ್ನು ಮಡಚಿ ವಾಪಸ್ಸು ಕೊಟ್ಟು, “ನಿಮ್ಮನ್ನು ಸಾಧು ಅಂದ್ಕೊಂಡಿದ್ದೆ,” ಎಂದರು. ಕಾಫಿ ಕೊಡಲಿಲ್ಲ.

ವಿಶೇಷ ಸಭೆಗೆ ಇಪ್ಪತ್ಮೂರು ಜನ ಬಂದರು. ಬೈಲಾ ತಿದ್ದಲಿಕ್ಕೂ ಅದೇ ಐದನೇ ಮೂರು ಭಾಗ, ಎಂದರೆ ಹದಿನಾಲ್ಕು ಮತ ಬೇಕು. ನಮ್ಮಲ್ಲಿ ಮತದಾನವೆಂದರೆ ಎಲ್ಲರೂ ಅಧ್ಯಕ್ಷರ ಕೈ ನೋಡಿ ಕೈ ಎತ್ತುವುದು. ಟೀಚರ್ ಎದ್ದು, “ಸಾರ್, ನಮಗ್ ಕೈ ಕಾಣ್ಸಲ್ಲ. ಒಬ್ಬೊಬ್ರೂ ಎಸ್ರು ಕರುದ್ರೆ ಬಾಯ್ ಬುಟ್ಟು ಏಳ್ಲಿ,” ಎಂದರು. ಆ ಬೇಡಿಕೆಗೆ ಯಾರು ಬೇಡವೆನ್ನುತ್ತಾರೆ? ಅಷ್ಟರಲ್ಲಿ ಅಡುಗೆಮನೆಯಿಂದ ಅಧ್ಯಕ್ಷರ ಹೆಂಡತಿ ತಟ್ಟೆ ಹಿಡಿದು ಬಂದರು. ಹಿಂದಿನ ಸಾಲಿನ ಇಬ್ಬರು ಆಗಲೇ ಎದ್ದಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಮತ ಆಗೋವರೆಗೂ ತಿಂಡಿ ಇಲ್ಲ.”

“ಅಯ್ಯೋ, ಬಿಸಿ ಆರಿಹೋಗುತ್ತೆ ಕಣ್ರೀ!”

“ಆರಲಿ.” ಇಡೀ ಹಾಲು ನನ್ನನ್ನು ರಾಕ್ಷಸಿಯಂತೆ ನೋಡಿತು.

ಹೆಸರು ಕರೆದೆ. ಯಾವಾಗಲೂ ಕೈ ಎತ್ತಿ ನಿದ್ದೆಗೆ ಜಾರುತ್ತಿದ್ದ ಜನ ಈಗ ಬಾಯಿ ತೆರೆಯಬೇಕಾಯಿತು. ಒಬ್ಬರು, “ಹೌದು, ಆದರೆ ಬೇಜಾರಿನಿಂದ,” ಎಂದರು. ಇನ್ನೊಬ್ಬರು, “ಪ್ರಶ್ನೆ ಇನ್ನೊಂದು ಸಲ ಹೇಳಿ,” ಎಂದು ಮೂರು ಸಲ ಹೇಳಿಸಿದರು. ಪ್ರೋಗ್ರಾಮರ್ ಹೌದು ಎಂದಳು, ಬಹಳ ಮೆಲ್ಲಗೆ. ಅಧ್ಯಕ್ಷರು, “ಇಲ್ಲ. ನನ್ನ ವಿರೋಧವನ್ನು ಪೂರ್ತಿ ವಾಕ್ಯದಲ್ಲಿ ದಾಖಲಿಸಿ,” ಎಂದರು. ಶಾರ್ಟ್‌ಹ್ಯಾಂಡಿನಲ್ಲಿ ಒಂದಕ್ಷರ ಬಿಡದೆ ಬರೆದುಕೊಂಡೆ. ಪರ ಹದಿನೈದು, ವಿರೋಧ ಎಂಟು. ನಮ್ಮ ಪುಸ್ತಕದಲ್ಲಿ ‘ಬಹುಮತದಿಂದ’ ಎಂಬ ಪದ ಅವತ್ತು ಮೊದಲ ಬಾರಿ ಬಂತು.

ಕಂಪನಿಯವರು ಕಾಗದಗಳನ್ನು ಬ್ಯಾಗಿಗೆ ಹಾಕಿಕೊಳ್ಳುತ್ತ, “ಹಾಗಾದ್ರೆ ನಾವು ಇದನ್ನು ಬಳಸೋ ಹಾಗಿಲ್ಲ,” ಎಂದರು.

“ಯಾರು ಹೇಳಿದ್ದು?” ಎಂದಳು ಪ್ರೋಗ್ರಾಮರ್. “ನಿನ್ನೆನೂ ಬಳಸಬಹುದಿತ್ತು, ನಾಳೆನೂ ಬಳಸಬಹುದು. ತಿದ್ದಿ, ಬೇಕಾದ್ರೆ ಮಾರಿ. ಕೊಡೋವಾಗ ಬೀಗ ಹಾಕಬೇಡಿ, ಅಷ್ಟೇ.”

ಅಧ್ಯಕ್ಷರು ಇಬ್ಬರನ್ನೂ ನೋಡಿ, “ಮತ್ತೆ ಒಂದು ತಿಂಗಳಿಂದ ನಾವು ಜಗಳ ಆಡಿದ್ದು ಯಾತಕ್ಕೆ?” ಎಂದರು.

“ಬೀಗಕ್ಕೆ ಸಾರ್,” ಎಂದರು ಟೀಚರ್.

ಗೆದ್ದೆವು ಎಂದು ಬರೆಯಲು ನನಗೆ ಸಂಕೋಚ. ಆಫೀಸು ಬರಲಿಲ್ಲ, ಪೂರ್ಣಾವಧಿಯವರು ಬರಲಿಲ್ಲ. ಪ್ರೋಗ್ರಾಮರ್ ಆರು ತಿಂಗಳು ರಜೆ ಕೇಳಿ ಅರ್ಜಿ ಕೊಟ್ಟಳು. ಸಂಘದಿಂದ ಎಂದೂ ಸಂಬಳ ಪಡೆಯದವಳಿಗೆ ಸಮಿತಿ ಗಂಭೀರವಾಗಿ ಸಂಬಳರಹಿತ ರಜೆ ಮಂಜೂರು ಮಾಡಿತು. ದೂರುಗಳ ಬಾಲ ಇನ್ನಷ್ಟು ಉದ್ದವಾಯಿತು. ಅಧ್ಯಕ್ಷರು ಈಗ ನಾನು ಬರೆದ ಪ್ರತಿ ಸಾಲನ್ನೂ ಓದಿ ತಿದ್ದುತ್ತಾರೆ. ನಮ್ಮ ಸಭೆಗಳು ಮೂರು ಗಂಟೆ ನಡೆಯುತ್ತವೆ.

ಮೊನ್ನೆ ಟೀಚರ್ ಬಂದರು. ಲ್ಯಾಪ್‌ಟಾಪ್ ತೆರೆದು, “ಕೇಳಿ,” ಎಂದರು. ಯಾವುದೋ ಪಾಠವನ್ನು ಓದಿದ ದನಿ ನನ್ನದಾಗಿರಲಿಲ್ಲ. ಗಟ್ಟಿ ದನಿ, ತುಸು ಒರಟು, ಸರಸರನೆ ಹೋಗುತ್ತಿತ್ತು.

“ನಮ್ ಅತ್ತಿಗೆ. ಒಲಿಗೆ ಮಿಷಿನ್ ನಿಲ್ಸಿ ಓದೈತೆ. ನಿಮ್ ವಾಯ್ಸ್ ಚೆನ್ನಾಗೇ ಐತೆ ಮೇಡಂ, ಆದ್ರೆ ಕ್ಲಾಸಲ್ ಆಕುದ್ರೆ ಮಕ್ಳು ಇನ್ಸ್‌ಪೆಕ್ಷನ್ ಬಂತು ಅಂತ ಎದ್ ನಿಂತ್ಕತವೆ.”

ಈ ವಯಸ್ಸಿನಲ್ಲಿ ನನ್ನದೆಂದು ಊರಿನಲ್ಲಿ ಓಡಾಡುತ್ತಿದ್ದುದು ಆ ದನಿ ಒಂದೇ. “ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ ಟೀಚರ್?”

“ಕೇಳೋದ್ ಬ್ಯಾಡ ಅಂತ ಅದಿನೈದ್ ಓಟಲ್ ಪಾಸ್ ಮಾಡ್ಸುದ್ದೇ ನೀವು. ನಾನ್ ಕೇಳಕ್ ಬಂದಿಲ್ಲ, ಏಳಕ್ ಬಂದಿವ್ನಿ.”

ಅತ್ತಿಗೆ ಉಸಿರು ಬಿಡದೆ ಓದುತ್ತಲೇ ಇದ್ದರು. ಕಾಮಾ ಬಂತು, ನಿಲ್ಲಲಿಲ್ಲ. ಪೂರ್ಣವಿರಾಮ ಬಂತು, ಅದನ್ನೂ ದಾಟಿ ಹೋದರು. ಸಿಸ್ಟರ್ ಕೇಳಿದ್ದರೆ ಸ್ಕೇಲು ತೆಗೆಯುತ್ತಿದ್ದರು. ನಾನು ಸುಮ್ಮನಿರಲು ಬಹಳ ಪ್ರಯತ್ನಪಟ್ಟೆ.

“ಆ ಫುಲ್‌ಸ್ಟಾಪ್ ಹತ್ತಿರವಾದರೂ ಒಂದು ಚೂರು ನಿಲ್ಲಿಸಬಹುದಾ?”

ಟೀಚರ್ ಬೆರಳಿನಲ್ಲಿ ತಡವಿ, ಎಲ್ಲಿ ಎಷ್ಟು ನಿಲ್ಲಬೇಕೆಂಬ ಪಟ್ಟಿ ಇರುವ ಫೈಲು ತೆಗೆದು, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಟ್ಟರು.

“ಮೂರ್ನೇ ಸಾಲ್ ನೋಡಿ ಮೇಡಂ. ನೀವೇ ತಿದ್ದಿ.”